ರೊಟ್ಟಿ, ಬೇಳೆ ಮತ್ತು ಟಿಬಿ

(ಕಲಬುರಗಿಯಲ್ಲಿ ಆಶಾ ಕಾರ್ಯಕರ್ತೆಯರು, ನರ್ಸಿಂಗ್ ಮತ್ತು ಬಿಎಸ್ಸಿ ವಿದ್ಯಾರ್ಥಿಗಳು, ಊರಿನ ಆಸಕ್ತರು ಸೇರಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ನಡೆದ ಪ್ರಶ್ನೋತ್ತರದ ಒಂದಿಷ್ಟು ಭಾಗವನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ಶರಣು.

ಜೀವವಿಜ್ಞಾನದಲ್ಲಿ, ವೈದ್ಯಕೀಯದಲ್ಲಿ ಈಚೆಗೆ ಏನೇನು ಹೊಸದು ನಡೆದಿದೆ ಅಂತ ಮಾತಾಡಿ ಎಂದು ನನ್ನನ್ನು ಕರೆದಿದ್ದಾರೆ. ಹೇಳಲು ಬೇಕಾದಷ್ಟಿದೆ. ಸಿಕಲ್ ಸೆಲ್ ಅನ್ನುವ ರಕ್ತದ ಕಾಯಿಲೆಗೆ ಜೀನ್ ತಿದ್ದುವ ಚಿಕಿತ್ಸೆ ಬಂದಿದೆ. 2023ರ ಕೊನೆಯಲ್ಲಿ ಬ್ರಿಟನ್ ಮತ್ತು ಅಮೆರಿಕ ಅದಕ್ಕೆ ಅನುಮತಿ ಕೊಟ್ಟವು. ಪ್ರೋಟೀನಿನ ಆಕಾರವನ್ನು ಕಂಪ್ಯೂಟರಿನಿಂದ ಕಂಡುಹಿಡಿಯುವ ಕೆಲಸಕ್ಕೆ 2024ರಲ್ಲಿ ನೊಬೆಲ್ ಬಂತು. ಇವೆಲ್ಲ ದೊಡ್ಡ ಕೆಲಸಗಳು, ಅನುಮಾನವಿಲ್ಲ. ಆದರೆ ಇವತ್ತು ನನ್ನ ಮಾತೆಲ್ಲ ಬೇರೆ ಒಂದು ಸಂಶೋಧನೆಯ ಸುತ್ತಲೇ ಇರುತ್ತದೆ. ಅದರಲ್ಲಿ ಬಳಸಿದ ಸಾಮಾನು ಅಕ್ಕಿ, ಬೇಳೆ, ಎಣ್ಣೆ, ಹಾಲಿನ ಪುಡಿ. ಜೊತೆಗೆ ಒಂದು ತೂಕದ ಯಂತ್ರ. ನಮ್ಮ ಕಲಬುರಗಿ, ಬೀದರ್, ಯಾದಗಿರಿಗೆ ಇದಕ್ಕಿಂತ ಹತ್ತಿರದ ಸಂಶೋಧನೆ ಈ ಹತ್ತು ವರ್ಷದಲ್ಲಿ ಬಂದಿಲ್ಲ ಅನ್ನುವುದು ನನ್ನ ಅನಿಸಿಕೆ.

ಆ ಅಧ್ಯಯನದ ಹೆಸರು ರೇಷನ್ಸ್. ನಡೆದದ್ದು ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ. ಮಾಡಿದವರಲ್ಲಿ ಮುಂದಾಳುಗಳು ನಮ್ಮ ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ. ಫಲಿತಾಂಶ 2023ರ ಆಗಸ್ಟ್‌ನಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅವರು ಕೇಳಿಕೊಂಡ ಪ್ರಶ್ನೆ ತುಂಬಾ ಸರಳ. ಮನೆಯಲ್ಲಿ ಒಬ್ಬರಿಗೆ ಟಿಬಿ ಬಂದಿದೆ. ಉಳಿದವರು ಅದೇ ಗಾಳಿ ಉಸಿರಾಡುತ್ತಾರೆ, ಅದೇ ಕೋಣೆಯಲ್ಲಿ ಮಲಗುತ್ತಾರೆ. ಆ ಉಳಿದವರಿಗೆ ಹೊಟ್ಟೆ ತುಂಬ ಊಟ ಸಿಕ್ಕರೆ ಅವರಿಗೆ ಟಿಬಿ ಬರುವುದು ಕಡಿಮೆಯಾಗುತ್ತದೆಯೇ?

'ಇದನ್ನೇನು ಕೇಳುವುದು, ಆಗೇ ಆಗುತ್ತದಲ್ಲ' ಅಂತ ನಿಮಗೆ ಅನ್ನಿಸಬಹುದು. ನಮ್ಮ ಅಜ್ಜಿಯರೂ ಅದನ್ನೇ ಹೇಳುತ್ತಿದ್ದರು. ಆದರೆ ಅನ್ನಿಸುವುದು ಬೇರೆ, ತೋರಿಸಿಕೊಡುವುದು ಬೇರೆ. ಚೆನ್ನಾಗಿ ಉಣ್ಣುವ ಮನೆಗೆ ಸಾಮಾನ್ಯವಾಗಿ ಗಾಳಿ ಬೆಳಕೂ ಚೆನ್ನಾಗಿರುತ್ತದೆ, ಕೋಣೆಗಳೂ ಜಾಸ್ತಿ ಇರುತ್ತವೆ, ಆಸ್ಪತ್ರೆಗೆ ಹೋಗಲು ದುಡ್ಡೂ ಇರುತ್ತದೆ. ಅಂಥ ಮನೆಯಲ್ಲಿ ಟಿಬಿ ಕಡಿಮೆ ಇದ್ದರೆ ಅದಕ್ಕೆ ಊಟ ಕಾರಣವೋ, ಕೋಣೆ ಕಾರಣವೋ? ಸುಮ್ನೆ ನೋಡಿದರೆ ಗೊತ್ತಾಗುವುದಿಲ್ಲ. ಅದಕ್ಕೇ ಅವರು ಚೀಟಿ ಎತ್ತುವ ಕ್ರಮದಲ್ಲಿ ಊರುಗಳನ್ನು ಎರಡು ಗುಂಪು ಮಾಡಿದರು. ಹಾಗೆ ಮಾಡಿದಾಗ ಕೋಣೆ, ದುಡ್ಡು, ಜಾತಿ, ಅಭ್ಯಾಸ ಎಲ್ಲವೂ ಎರಡೂ ಕಡೆ ಹೆಚ್ಚುಕಡಿಮೆ ಸಮವಾಗಿ ಹಂಚಿಹೋಗುತ್ತವೆ. ಮುಖ್ಯವಾದ ವ್ಯತ್ಯಾಸ ಅಂತ ಉಳಿಯುವುದು ಊಟ ಮಾತ್ರ.

ಒಟ್ಟು 2,800 ರೋಗಿಗಳು. ಎಲ್ಲರಿಗೂ ಕಫ ಪರೀಕ್ಷೆಯಲ್ಲಿ ಟಿಬಿ ಖಚಿತವಾಗಿತ್ತು. ಅವರ ಮನೆಗಳಲ್ಲಿದ್ದ ಉಳಿದವರು 10,345 ಜನ. ರೋಗಿಗಳಿಗೆ ಎರಡೂ ಗುಂಪಿನಲ್ಲಿ ತಿಂಗಳಿಗೆ 10 ಕೆ.ಜಿ. ಆಹಾರದ ಚೀಲ ಕೊಟ್ಟರು. ಹಸಿದ ರೋಗಿಗೆ ಊಟ ಕೊಡದೆ ಏನಾಗುತ್ತದೆ ಅಂತ ನೋಡುತ್ತಾ ಕೂರುವುದು ತಪ್ಪು, ಅಲ್ವಾ? ವ್ಯತ್ಯಾಸ ಇದ್ದದ್ದು ಮನೆಯ ಉಳಿದವರ ವಿಷಯದಲ್ಲಿ. ಒಂದು ಗುಂಪಿನಲ್ಲಿ ಅವರಿಗೂ ತಲಾ ತಿಂಗಳಿಗೆ 5 ಕೆ.ಜಿ. ಅಕ್ಕಿ, ಒಂದೂವರೆ ಕೆ.ಜಿ. ಬೇಳೆ, ವಿಟಮಿನ್ ಗುಳಿಗೆ ಸಿಕ್ಕಿತು. ದಿನದ ಲೆಕ್ಕದಲ್ಲಿ ಇದು 750 ಕ್ಯಾಲರಿ, 23 ಗ್ರಾಂ ಪ್ರೋಟೀನು. ಇನ್ನೊಂದು ಗುಂಪಿನ ಮನೆಯವರು ಮೊದಲು ಏನು ಉಣ್ಣುತ್ತಿದ್ದರೋ ಅದನ್ನೇ ಉಂಡರು. 2022ರ ಜುಲೈವರೆಗೆ ಎರಡೂ ಗುಂಪನ್ನು ಗಮನಿಸಿದರು.

ಊಟ ಸಿಕ್ಕ ಮನೆಗಳಲ್ಲಿ ಹೊಸದಾಗಿ ಟಿಬಿ ಬರುವುದು ಶೇ. 39ರಷ್ಟು ಕಡಿಮೆಯಾಗಿತ್ತು. ಇದು ಎಲ್ಲ ಬಗೆಯ ಟಿಬಿ ಸೇರಿಸಿದ ಲೆಕ್ಕ. ಕಫದಲ್ಲಿ ರೋಗಾಣು ಸಿಕ್ಕು ಖಚಿತವಾದ ಶ್ವಾಸಕೋಶದ ಟಿಬಿಯನ್ನು ಮಾತ್ರ ತೆಗೆದುಕೊಂಡರೆ ಶೇ. 48. ಈ ಎರಡನೆಯ ಅಂಕಿ ಮುಖ್ಯ. ಯಾಕೆಂದರೆ ಕೆಮ್ಮಿದಾಗ ಇನ್ನೊಬ್ಬರಿಗೆ ಹಬ್ಬುವುದು ಇದೇ ಬಗೆ.

ಇದನ್ನು ಒಂದು ಲಸಿಕೆಯ ಪಕ್ಕ ಇಟ್ಟು ನೋಡಿ. ನಾವು ಮಕ್ಕಳಿಗೆ ಹಾಕಿಸುವ ಬಿಸಿಜಿಯನ್ನು ಮನುಷ್ಯರಿಗೆ ಮೊದಲು ಕೊಟ್ಟದ್ದು 1921ರಲ್ಲಿ. ನೂರು ವರ್ಷ ದಾಟಿದರೂ ದೊಡ್ಡವರ ಶ್ವಾಸಕೋಶದ ಟಿಬಿಯನ್ನು ಗಟ್ಟಿಯಾಗಿ ತಡೆಯುವ ಲಸಿಕೆ ನಮ್ಮ ಕೈಯಲ್ಲಿ ಇಲ್ಲ. ಈಗ ಎಂ72 ಅನ್ನುವ ಹೊಸ ಲಸಿಕೆ ಪರೀಕ್ಷೆಯಲ್ಲಿದೆ. ಆಫ್ರಿಕಾದ ಮೂರು ದೇಶಗಳಲ್ಲಿ ನಡೆದ ಮೊದಲಿನ ಪರೀಕ್ಷೆಯಲ್ಲಿ ಅದು ಮೂರು ವರ್ಷದವರೆಗೆ ಸುಮಾರು ಶೇ. 50ರಷ್ಟು ರಕ್ಷಣೆ ಕೊಟ್ಟಿತು. ಆ ಸುದ್ದಿ ಬಂದಾಗ ಜಗತ್ತಿನ ವಿಜ್ಞಾನಿಗಳೆಲ್ಲ ಸಂತೋಷಪಟ್ಟರು. ಪಡಬೇಕಾದದ್ದೇ. ಮೂರನೇ ಹಂತದ ದೊಡ್ಡ ಪರೀಕ್ಷೆ 2024ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಶುರುವಾಗಿದೆ. ಎರಡು ಅಧ್ಯಯನಗಳ ಜನ ಬೇರೆ, ಊರು ಬೇರೆ, ಆದ್ದರಿಂದ ಅಂಕಿಗೆ ಅಂಕಿ ಹೋಲಿಸುವುದು ಸರಿಯಲ್ಲ. ಆದರೂ ನಾನು ಕೇಳಿಯೇ ಕೇಳುತ್ತೇನೆ: ಅಕ್ಕಿ ಮತ್ತು ಬೇಳೆ ಶೇ. 39, 48 ಅಂತ ತೋರಿಸಿದಾಗ ನಮ್ಮಲ್ಲಿ ಅಷ್ಟೇ ದೊಡ್ಡ ಸುದ್ದಿ ಯಾಕೆ ಆಗಲಿಲ್ಲ? ಬೇಳೆಗೆ ಯಾವ ಪರೀಕ್ಷೆಯೂ ಬಾಕಿ ಇಲ್ಲ. ಅದು ಇವತ್ತೇ ಗಂಜ್ ಮಾರುಕಟ್ಟೆಯಲ್ಲಿ ಸಿಗುತ್ತದೆ.

ಊಟ ಹೀಗೆ ಕೆಲಸ ಮಾಡುವುದು ಹೇಗೆ ಅಂತ ವಿದ್ಯಾರ್ಥಿಗಳಿಗೆ ಸ್ವಲ್ಪ ಬಿಡಿಸಿ ಹೇಳಬೇಕು.

ಟಿಬಿ ರೋಗಾಣು ಒಳಗೆ ಹೋದ ಎಲ್ಲರಿಗೂ ಕಾಯಿಲೆ ಬರುವುದಿಲ್ಲ. ಜಗತ್ತಿನ ಕಾಲು ಭಾಗ ಜನರ ದೇಹದಲ್ಲಿ ಅದು ಯಾವಾಗಲೋ ಹೊಕ್ಕಿದೆ ಅನ್ನುವುದು ಅಂದಾಜು. ಅವರಲ್ಲಿ ನೂರಕ್ಕೆ ಐದರಿಂದ ಹತ್ತು ಜನರಿಗೆ ಮಾತ್ರ ಜೀವಮಾನದಲ್ಲಿ ಯಾವಾಗಲಾದರೂ ಕಾಯಿಲೆಯಾಗುತ್ತದೆ. ಉಳಿದವರಲ್ಲಿ ಏನಾಗುತ್ತದೆ? ಶ್ವಾಸಕೋಶದ ಕಾವಲು ಜೀವಕೋಶಗಳು ರೋಗಾಣುವನ್ನು ನುಂಗುತ್ತವೆ. ಅದು ಅಲ್ಲೇ ಸಾಯದೆ ಉಳಿಯುತ್ತದೆ. ಆಗ ಟಿ ಕೋಶಗಳು ಅನ್ನುವ ರೋಗನಿರೋಧಕ ಜೀವಕೋಶಗಳು ಬಂದು ರಾಸಾಯನಿಕ ಸಂದೇಶ ಕೊಟ್ಟು ಕಾವಲು ಕೋಶಗಳನ್ನು ಚುರುಕು ಮಾಡುತ್ತವೆ. ಎಲ್ಲ ಸೇರಿ ರೋಗಾಣುವಿನ ಸುತ್ತ ಒಂದು ಸಣ್ಣ ಗಂಟು ಕಟ್ಟುತ್ತವೆ. ರೋಗಾಣು ಅದರೊಳಗೆ ವರ್ಷಗಟ್ಟಲೆ ಸುಮ್ಮನೆ ಬಿದ್ದಿರುತ್ತದೆ.

ಆ ಗಂಟು ಒಮ್ಮೆ ಕಟ್ಟಿದರೆ ಮುಗಿಯಿತು ಅನ್ನುವ ಹಾಗಿಲ್ಲ. ನಮ್ಮ ಹಳ್ಳಿಯ ಮಣ್ಣಿನ ಮಾಳಿಗೆ ಮನೆಗಳನ್ನು ನೋಡಿದ್ದೀರಿ. ಮಳೆಗಾಲಕ್ಕೆ ಮುಂಚೆ ಮೇಲೆ ಮಣ್ಣು ಹಾಕಿ ತುಳಿಯದಿದ್ದರೆ ಆ ವರ್ಷ ಸೋರುತ್ತದೆ. ಇದೂ ಹಾಗೇ. ಗಂಟಿನ ಜೀವಕೋಶಗಳು ಸಾಯುತ್ತವೆ, ಹೊಸವು ಬರಬೇಕು. ಹೊಸ ಕೋಶ ಹುಟ್ಟಲು ಪ್ರೋಟೀನು ಬೇಕು, ಶಕ್ತಿ ಬೇಕು, ಸತುವು, ವಿಟಮಿನ್ನು ಬೇಕು. ದೇಹದಲ್ಲಿ ಕೊಬ್ಬು ತೀರಾ ಕಡಿಮೆಯಾದರೆ ಕೊಬ್ಬಿನಿಂದ ಬರುವ ಲೆಪ್ಟಿನ್ ಅನ್ನುವ ಹಾರ್ಮೋನೂ ಕಡಿಮೆಯಾಗುತ್ತದೆ. ಆಗ ಟಿ ಕೋಶಗಳ ಕೆಲಸ ಕುಗ್ಗುತ್ತದೆ. ಗಿನಿಯಿಲಿಗಳ ಮೇಲೆ ನಡೆದ ಪ್ರಯೋಗಗಳು ಇದನ್ನು ಬಹಳ ಹಿಂದೆಯೇ ತೋರಿಸಿದ್ದವು. ಪ್ರೋಟೀನು ಕಡಿಮೆ ಕೊಟ್ಟ ಇಲಿಗಳಲ್ಲಿ ಬಿಸಿಜಿಯ ರಕ್ಷಣೆ ಸೋತಿತು. ಪ್ರೋಟೀನು ಮತ್ತೆ ಕೊಟ್ಟಾಗ ರಕ್ಷಣೆ ವಾಪಸ್ ಬಂತು.

ಮನುಷ್ಯರ ಲೆಕ್ಕವೂ ಇದೆ. ಬಿಎಂಐ ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ. 18.5ಕ್ಕಿಂತ ಕಡಿಮೆ ಇದ್ದರೆ ಅಪೌಷ್ಟಿಕತೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಮಾಡಿ 2010ರಲ್ಲಿ ಬಂದ ಒಂದು ಲೇಖನದ ಪ್ರಕಾರ, ಬಿಎಂಐ ಒಂದು ಅಂಕ ಏರಿದರೆ ಟಿಬಿ ಬರುವ ಅಪಾಯ ಸುಮಾರು ಶೇ. 14ರಷ್ಟು ಇಳಿಯುತ್ತದೆ. ಒಂದೂವರೆ ಮೀಟರ್ ಎತ್ತರದ ಹೆಣ್ಣುಮಗಳಿಗೆ ಒಂದು ಅಂಕ ಅಂದರೆ ಬರೀ ಎರಡೂಕಾಲು ಕೆ.ಜಿ. ತೂಕ.

ಈಗ ನನಗೆ ಬಹಳ ಮುಖ್ಯ ಅನ್ನಿಸುವ ಮಾತಿಗೆ ಬರುತ್ತೇನೆ. ಊಟ ಮತ್ತು ಟಿಬಿಯ ನಂಟು ಇಷ್ಟು ಗಟ್ಟಿಯಾಗಿದ್ದರೆ ನಾವು ಅದನ್ನು ಮರೆತದ್ದು ಹೇಗೆ?

1882ರ ಮಾರ್ಚ್ 24ರಂದು ಜರ್ಮನಿಯ ವಿಜ್ಞಾನಿ ರಾಬರ್ಟ್ ಕಾಖ್ ಬರ್ಲಿನ್‌ನಲ್ಲಿ ಟಿಬಿ ರೋಗಾಣುವನ್ನು ಜಗತ್ತಿಗೆ ತೋರಿಸಿದರು. ಆದರೆ 1943ರಲ್ಲಿ ಸ್ಟ್ರೆಪ್ಟೊಮೈಸಿನ್ ಸಿಗುವವರೆಗೂ ಅದನ್ನು ಕೊಲ್ಲುವ ಔಷಧಿ ಇರಲಿಲ್ಲ. ಆಗ ಇದ್ದದ್ದು ಸ್ಯಾನಟೋರಿಯಂ, ಅಂದರೆ ಟಿಬಿ ರೋಗಿಗಳನ್ನು ಇಟ್ಟು ನೋಡಿಕೊಳ್ಳುವ ಆಸ್ಪತ್ರೆ. ಅಲ್ಲಿ ಗಾಳಿ, ವಿಶ್ರಾಂತಿ, ಹಾಲು, ಮೊಟ್ಟೆ. ಇಂಗ್ಲೆಂಡಿನ ಪ್ಯಾಪ್‌ವರ್ತ್ ಎಂಬ ಊರಿನಲ್ಲಿ 1918ರಿಂದ ರೋಗಿಗಳನ್ನು ಮನೆಮಂದಿಯ ಜೊತೆಗೇ ಇಟ್ಟರು. ಮನೆ ಕೊಟ್ಟರು, ಕೆಲಸ, ಕೂಲಿ, ಒಳ್ಳೆಯ ಊಟ ಸಿಗುವ ಹಾಗೆ ಮಾಡಿದರು. ಅಲ್ಲಿ ಹುಟ್ಟಿ ಬೆಳೆದ ಮಕ್ಕಳು ರೋಗಿಗಳ ನಡುವೆಯೇ ಇದ್ದರೂ ಅವರಲ್ಲಿ ಟಿಬಿ ಕಾಯಿಲೆ ಬಹಳ ಕಡಿಮೆ ಕಂಡಿತು.

ಆಮೇಲೆ ಬಂತು ಮದ್ರಾಸಿನ ಅಧ್ಯಯನ. 1956ರಲ್ಲಿ ಅಲ್ಲಿ ಟಿಬಿ ಚಿಕಿತ್ಸೆಯ ಸಂಶೋಧನಾ ಕೇಂದ್ರ ಶುರುವಾಯಿತು. 193 ರೋಗಿಗಳನ್ನು ತೆಗೆದುಕೊಂಡು ಅರ್ಧ ಜನರನ್ನು ಸ್ಯಾನಟೋರಿಯಂನಲ್ಲಿಟ್ಟರು, ಅರ್ಧ ಜನರಿಗೆ ಮನೆಯಲ್ಲೇ ಗುಳಿಗೆ ಕೊಟ್ಟರು. ಮನೆಯಲ್ಲಿದ್ದವರ ಊಟ ಕಳಪೆ. ಮನೆ ಇಕ್ಕಟ್ಟು. ದುಡಿಮೆಯೂ ಜಾಸ್ತಿ. ಆದರೂ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಗುಣವಾದರು. ಮನೆಯವರಿಗೆ ಹಬ್ಬುವುದೂ ಜಾಸ್ತಿಯಾಗಲಿಲ್ಲ. 1959ರಲ್ಲಿ ಇದು ಪ್ರಕಟವಾದಾಗ ಜಗತ್ತಿನ ಟಿಬಿ ಚಿಕಿತ್ಸೆಯೇ ಬದಲಾಯಿತು. ಬಡ ದೇಶಗಳು ಲಕ್ಷಗಟ್ಟಲೆ ಹಾಸಿಗೆ ಕಟ್ಟಬೇಕಾಗಿಲ್ಲ, ಮನೆಯಲ್ಲೇ ಗುಣಪಡಿಸಬಹುದು ಅಂತ ಗೊತ್ತಾಯಿತು. ಎಷ್ಟು ಜೀವ ಉಳಿಸಿದ ಅಧ್ಯಯನವೋ ಅದು! ನನಗೆ ಅದರ ಮೇಲೆ ಅಪಾರ ಗೌರವವಿದೆ.

ಆದರೆ ಅದನ್ನು ಓದಿದವರು ಅದು ಹೇಳದೇ ಇದ್ದದ್ದನ್ನೂ ಓದಿಕೊಂಡರು. 'ಗುಳಿಗೆ ಸರಿಯಾಗಿ ನುಂಗಿದರೆ ಮನೆಯಲ್ಲೂ ಗುಣವಾಗುತ್ತದೆ' ಅಂತ ಮದ್ರಾಸು ಹೇಳಿತು. 'ಹಾಗಾದರೆ ಊಟ ಮುಖ್ಯವಲ್ಲ' ಅಂತ ಜಗತ್ತು ಕೇಳಿಸಿಕೊಂಡಿತು. ಇನ್ನೂ ಕಾಯಿಲೆ ಬಾರದವರಿಗೆ ಊಟ ಕೊಟ್ಟರೆ ಕಾಯಿಲೆ ತಪ್ಪುತ್ತದೆಯೇ ಅಂತ ಮದ್ರಾಸಿನಲ್ಲಿ ಯಾರೂ ಪರೀಕ್ಷಿಸಿರಲಿಲ್ಲ. ಆ ಪ್ರಶ್ನೆಯನ್ನು ಸರಿಯಾದ ಪರೀಕ್ಷೆಯಾಗಿ ಮಾಡಿ ಉತ್ತರ ಪಡೆಯಲು 2023ರವರೆಗೆ ಕಾಯಬೇಕಾಯಿತು. ವಿದ್ಯಾರ್ಥಿಗಳೇ, ಯಾವ ಸಂಶೋಧನೆ ಓದಿದರೂ ಮೊದಲು ಇದನ್ನು ನೋಡಿ: ಇವರು ಕೇಳಿದ ಪ್ರಶ್ನೆ ಯಾವುದು, ಕೇಳದೇ ಬಿಟ್ಟದ್ದು ಯಾವುದು.

ಜಾರ್ಖಂಡಿನ ರೋಗಿಗಳ ಬಗ್ಗೆಯೂ ಒಂದು ಮಾತು. ಚಿಕಿತ್ಸೆ ಶುರುವಾಗುವಾಗ ಹತ್ತರಲ್ಲಿ ಎಂಟು ಜನ ಅಪೌಷ್ಟಿಕರು. ಅರ್ಧದಷ್ಟು ಜನರ ಬಿಎಂಐ 16ಕ್ಕಿಂತ ಕೆಳಗೆ. ಭಾರ್ಗವ ಅವರ ತಂಡ ಇದಕ್ಕೂ ಮುಂಚೆ ಛತ್ತೀಸ್‌ಗಢದ ಹಳ್ಳಿಗಳ ಟಿಬಿ ರೋಗಿಗಳ ತೂಕ ಲೆಕ್ಕ ಹಾಕಿತ್ತು. ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಲ್ಲುವ ಗಂಡಸಿನ ತೂಕ ಸುಮಾರು 42 ಕೆ.ಜಿ., ಹೆಂಗಸಿನ ತೂಕ 34 ಕೆ.ಜಿ. ಬೆಳೆದ ಹೆಂಗಸು, 34 ಕೆ.ಜಿ. ಇದನ್ನು ಓದಿದ ದಿನ ನನಗೆ ಬೇರೆ ಕೆಲಸ ಮಾಡಲು ಮನಸ್ಸೇ ಬರಲಿಲ್ಲ.

ಅದೇ ಜಾರ್ಖಂಡಿನ ರೋಗಿಗಳಲ್ಲಿ ಇನ್ನೊಂದು ಕಂಡಿತು. ಮೊದಲ ಎರಡು ತಿಂಗಳಲ್ಲಿ ತೂಕ ಶೇ. 5ರಷ್ಟು ಏರಿದವರಲ್ಲಿ ಸಾವಿನ ಅಪಾಯ ಶೇ. 61ರಷ್ಟು ಕಡಿಮೆ ಇತ್ತು. 40 ಕೆ.ಜಿ.ಯವರಿಗೆ ಶೇ. 5 ಅಂದರೆ ಎರಡು ಕೆ.ಜಿ. ಇಲ್ಲಿ ಕೂತಿರುವ ಆಶಾ ಅಕ್ಕಂದಿರು ಇದನ್ನು ದಯವಿಟ್ಟು ಬರೆದುಕೊಳ್ಳಿ. ಚಿಕಿತ್ಸೆ ಶುರುವಾದ ದಿನ ಒಂದು ತೂಕ, ಎರಡು ತಿಂಗಳಿಗೆ ಇನ್ನೊಂದು ತೂಕ. ಎರಡು ತಿಂಗಳಾದರೂ ತೂಕ ಏರಿಲ್ಲ ಅಂದರೆ ಸುಮ್ಮನೆ ಕಾರ್ಡಿನಲ್ಲಿ ಬರೆದು ಬಿಡಬೇಡಿ, ಡಾಕ್ಟರಿಗೆ ತಿಳಿಸಿ. ಮನೆಗೆ ಹೋಗಿ ಏನು ಉಣ್ಣುತ್ತಿದ್ದಾರೆ ನೋಡಿ. ಸಕ್ಕರೆ ಕಾಯಿಲೆ ಇದೆಯೇ, ಕುಡಿತ ಇದೆಯೇ ಕೇಳಿ.

ಈ ಅಧ್ಯಯನದಲ್ಲಿ ಕೊರತೆಗಳಿಲ್ಲವೇ? ಇವೆ. ನಡೆದದ್ದು ಒಂದೇ ರಾಜ್ಯದಲ್ಲಿ. ಗುಳಿಗೆಯಾದರೆ ಹುಸಿ ಗುಳಿಗೆ ಕೊಟ್ಟು ಮರೆಮಾಡಬಹುದು, ಅಕ್ಕಿ ಚೀಲವನ್ನು ಹಾಗೆ ಮರೆಮಾಡಲು ಬರುವುದಿಲ್ಲ. ನಡುವೆ ಕೋವಿಡ್ ಬಂತು. ಇಷ್ಟೆಲ್ಲ ಇದ್ದರೂ ಫಲಿತಾಂಶ ನನಗೆ ಗಟ್ಟಿಯಾಗಿಯೇ ಕಾಣುತ್ತದೆ.

ನಮ್ಮ ಕಡೆಗೆ ಬರೋಣ. ಕಲಬುರಗಿ ತೊಗರಿಯ ಕಣಜ. 2019ರಲ್ಲಿ ನಮ್ಮ ತೊಗರಿಬೇಳೆಗೆ ಜಿಐ ಮಾನ್ಯತೆ, ಅಂದರೆ ಈ ನೆಲದ್ದೇ ವಿಶೇಷ ಬೆಳೆ ಅನ್ನುವ ಗುರುತು ಬಂತು. ಹೆಮ್ಮೆಯ ವಿಷಯ. ಆದರೆ ಮಕ್ಕಳ ಬೆಳವಣಿಗೆ ಕುಂಠಿತವಾಗಿರುವುದು ರಾಜ್ಯದಲ್ಲೇ ಅತಿ ಹೆಚ್ಚು ಇರುವ ಜಿಲ್ಲೆಗಳಲ್ಲಿ ಪಕ್ಕದ ಯಾದಗಿರಿ ಒಂದು. ಇಲ್ಲಿಂದ ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದಿಗೆ ಜನ ಗುಳೆ ಹೋಗುತ್ತಾರೆ. ಅಲ್ಲಿ ಶೆಡ್ಡಿನಲ್ಲಿ ಒತ್ತೊತ್ತಾಗಿ ಮಲಗುತ್ತಾರೆ. ಅನ್ನ, ಖಾರ, ಚಹಾ ಇಷ್ಟರಲ್ಲೇ ದಿನ ಕಳೆಯುತ್ತಾರೆ. ಟಿಬಿಗೆ ಇದಕ್ಕಿಂತ ಅನುಕೂಲ ಬೇರೆ ಬೇಕೇ? ಚಿಕಿತ್ಸೆಯ ನಡುವೆ ಗುಳೆ ಹೋಗಬೇಕಾದರೆ ಹೇಳಿ ಹೋಗಲಿ. ಸರ್ಕಾರದ ಟಿಬಿ ದಾಖಲೆಯಲ್ಲಿ ರೋಗಿಗೆ ಕೊಡುವ ನಿಕ್ಷಯ್ ನಂಬರ್ ಇದ್ದರೆ ಚಿಕಿತ್ಸೆಯನ್ನು ಬೇರೆ ಊರಿಗೆ ವರ್ಗ ಮಾಡಿಸಬಹುದು. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ.

ಸರ್ಕಾರ ಏನೂ ಮಾಡಿಲ್ಲ ಅಂತ ನಾನು ಹೇಳುವುದಿಲ್ಲ. ನಿಕ್ಷಯ್ ಪೋಷಣ್ ಯೋಜನೆಯಲ್ಲಿ 2018ರಿಂದ ರೋಗಿಯ ಖಾತೆಗೆ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು. 2024ರ ನವೆಂಬರ್‌ನಿಂದ ಅದು 1,000 ಆಗಿದೆ. ದಾನಿಗಳು ನಿಕ್ಷಯ್ ಮಿತ್ರರಾಗಿ ಆಹಾರದ ಕಿಟ್ ಕೊಡಬಹುದು. ಆ ಕಿಟ್ಟನ್ನು ಮನೆಯವರಿಗೂ ವಿಸ್ತರಿಸುವ ತೀರ್ಮಾನವೂ ಆಗಿದೆ. ದಾರಿ ಇದೆ ಅಂತಾಯಿತು. ಆ ದಾರಿಯಲ್ಲಿ ಚೀಲ ಮನೆ ಬಾಗಿಲಿಗೆ ಬರಬೇಕು. ಈ ಊರಿನಲ್ಲಿ ಬೇಳೆ ಮಿಲ್ಲುಗಳಿವೆ, ವ್ಯಾಪಾರಿಗಳಿದ್ದಾರೆ, ಮಠಗಳಿವೆ, ದಾಸೋಹದ ಪರಂಪರೆ ಇದೆ. ಒಂದು ಟಿಬಿ ಮನೆಗೆ ಆರು ತಿಂಗಳು ಬೇಳೆ ಕೊಡುವುದು ಇವರಿಗೆ ಭಾರವಲ್ಲ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಅಕ್ಕಿಯ ಬದಲು ಜೋಳ, ನಮ್ಮದೇ ತೊಗರಿ, ಶೇಂಗಾ ಹಾಕಿ ಇಂಥದೇ ಅಧ್ಯಯನವನ್ನು ಇಲ್ಲಿನ ವಿದ್ಯಾರ್ಥಿಗಳು ಮಾಡಲಿ ಅನ್ನುವುದು ನನ್ನ ದೊಡ್ಡ ಆಸೆ.

ಇನ್ನು ಕೇಳಿದ ಪ್ರಶ್ನೆಗಳು.

ಒಬ್ಬ ಆಶಾ ಕಾರ್ಯಕರ್ತೆ ಕೇಳಿದರು: "ಸರ್, ಪೇಷಂಟಿಗಿ ಕಿಟ್ ಕೊಟ್ರ ಅವ್ರ ಒಬ್ರೇ ಉಣ್ತಾರೇನ್ರಿ? ಮನ್ಯಾಗ ಮಕ್ಕಳಿರ್ತಾವ. ಎಲ್ಲಾರೂ ಹಂಚ್ಕೊಂಡೇ ಉಣ್ತಾರ."

ಅಕ್ಕಾ, ಇಡೀ ವಿಷಯದ ತಿರುಳನ್ನೇ ಹೇಳಿದಿರಿ. ತಾಯಿಗೆ ಟಿಬಿ ಆದರೆ ಅವಳ ಪಾಲಿನ ಹಾಲು ಮಗುವಿನ ಲೋಟಕ್ಕೇ ಹೋಗುತ್ತದೆ. ಅದನ್ನು ತಪ್ಪು ಅನ್ನಲು ನಮಗೆ ಬಾಯಿ ಬರುವುದಿಲ್ಲ. ಅದಕ್ಕೇ ಮನೆಯವರಿಗೂ ಲೆಕ್ಕ ಹಾಕಿ ಕೊಡಬೇಕು. ಆಗ ರೋಗಿಯ ಪಾಲು ರೋಗಿಗೆ ಉಳಿಯುತ್ತದೆ. ಇನ್ನೂ ಒಂದು ಯೋಚನೆ ಮಾಡಿ. ಜಾರ್ಖಂಡಿನ ಎರಡನೇ ಗುಂಪಿನಲ್ಲೂ ರೋಗಿಗೆ ಕೊಟ್ಟ ಚೀಲವನ್ನು ಮನೆಯವರು ಒಂದಿಷ್ಟು ಹಂಚಿಕೊಂಡಿದ್ದರೆ, ಊಟದ ನಿಜವಾದ ಬಲ ಶೇ. 39ಕ್ಕಿಂತ ಜಾಸ್ತಿಯೇ ಇರಬೇಕು.

ನರ್ಸಿಂಗ್ ಓದುವ ಹುಡುಗಿಯೊಬ್ಬಳ ಪ್ರಶ್ನೆ: "ಎರಡು ವಾರ ಕೆಮ್ಮು ಇದ್ರೆ ಮಾತ್ರ ಪರೀಕ್ಷೆ ಮಾಡಿಸಬೇಕಾ, ಸರ್?"

ಅಷ್ಟು ಸಾಲದು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಟಿಬಿ ಸಮೀಕ್ಷೆಯಲ್ಲಿ ಎದೆಯ ಎಕ್ಸ್‌ರೇ ಮಾಡದಿದ್ದರೆ ಶೇ. 42.6ರಷ್ಟು ರೋಗಿಗಳು ಕೈತಪ್ಪಿ ಹೋಗುತ್ತಿದ್ದರು. ಆದ್ದರಿಂದ ಟಿಬಿ ಇರುವ ಮನೆಯವರಿಗೆ ಕೆಮ್ಮು ಇಲ್ಲದಿದ್ದರೂ ಎಕ್ಸ್‌ರೇ ಆಗಲಿ. ಕಾಯಿಲೆ ಇಲ್ಲ ಅಂತ ಖಚಿತವಾದವರಿಗೆ ಮುಂಜಾಗ್ರತೆಯ ಗುಳಿಗೆ ಇದೆ. ಈಗ ವಾರಕ್ಕೊಮ್ಮೆಯಂತೆ ಹನ್ನೆರಡು ವಾರದ ಕೋರ್ಸೂ ಬಂದಿದೆ. ಊಟ ಕೊಟ್ಟೆವು ಅಂತ ಗುಳಿಗೆ ಬಿಡುವ ಹಾಗಿಲ್ಲ. ಎರಡೂ ಬೇಕು.

ಹಿಂದೆ ಕೂತಿದ್ದ ರೈತರೊಬ್ಬರು ಎದ್ದು ನಿಂತರು: "ತೊಗರಿ ನಾವೇ ಬೆಳಿತೀವ್ರಿ. ರಾಶಿ ಆದ ಕೂಡ್ಲೆ ಸಾಲಕ್ಕ ಮಾರ್ತೀವಿ. ಆಮ್ಯಾಗ ಬ್ಯಾಳಿ ರೊಕ್ಕಾ ಕೊಟ್ಟು ಅಂಗಡ್ಯಾಗ ತರ್ತೀವಿ. ನೀವು ಹೇಳೋದು ಖರೆ, ಆದ್ರ ಹ್ಯಾಂಗ ಮಾಡೋದು?"

ಇದಕ್ಕೆ ನಾನು ಪುಸ್ತಕದ ಉತ್ತರ ಕೊಡಲಾರೆ, ಅಣ್ಣಾ. ಒಂದು ಲೆಕ್ಕ ಮಾತ್ರ ಹೇಳುತ್ತೇನೆ. ಜಾರ್ಖಂಡಿನಲ್ಲಿ ಒಬ್ಬರಿಗೆ ಕೊಟ್ಟದ್ದು ದಿನಕ್ಕೆ 50 ಗ್ರಾಂ ಬೇಳೆ. ಐದು ಜನರ ಮನೆಗೆ ವರ್ಷಕ್ಕೆ ಸುಮಾರು 90 ಕೆ.ಜಿ. ಆಯಿತು. ಬೇಳೆ ಒಡೆಯುವಾಗ ಹೋಗುವ ಹೊಟ್ಟು, ನುಚ್ಚು ಸೇರಿಸಿದರೆ ಒಂದೂಕಾಲು ಕ್ವಿಂಟಲ್ ತೊಗರಿ. ರಾಶಿಯಿಂದ ಅಷ್ಟನ್ನು ಮನೆಗೆ ತೆಗೆದಿಟ್ಟು ಉಳಿದದ್ದನ್ನು ಗಂಜ್ ಮಾರುಕಟ್ಟೆಗೆ ಹಾಕಿದರೆ ಹೇಗೆ ಅಂತ ಮನೆಯವರ ಜೊತೆ ಕೂತು ಮಾತಾಡಿ. ಸಾಲ ಕೊಟ್ಟವರು ಅಷ್ಟಕ್ಕೂ ಬಿಡುವುದಿಲ್ಲ ಅಂದರೆ ಅದು ನಿಮ್ಮ ತಪ್ಪಲ್ಲ. ಆ ಮನೆಗೆ ಪಡಿತರದಲ್ಲಿ ಬೇಳೆ ಬರಲೇಬೇಕು, ಅದನ್ನು ನಾವೆಲ್ಲ ಸೇರಿ ಕೇಳೋಣ.

ಕೊನೆಗೆ ಒಬ್ಬ ತಾಯಿ ಕೇಳಿದರು: "ನಮ್ಮ ಮನ್ಯಾಗ ತತ್ತಿ, ಮಾಂಸ ನಡಿಯಂಗಿಲ್ರಿ. ನಮಗ ಶಕ್ತಿ ಎಲ್ಲಿಂದ ಬರಬೇಕು?"

ಅವ್ವಾ, ಜಾರ್ಖಂಡಿನ ಆ ಚೀಲದಲ್ಲಿ ಮೊಟ್ಟೆಯೂ ಇರಲಿಲ್ಲ, ಮಾಂಸವೂ ಇರಲಿಲ್ಲ. ತಿನ್ನುವವರು ತಿನ್ನಲಿ, ಒಳ್ಳೆಯದೇ. ತಿನ್ನದವರು ಹೆದರಬೇಕಾಗಿಲ್ಲ. ಜೋಳದಲ್ಲಿ ಲೈಸಿನ್ ಅನ್ನುವ ಪ್ರೋಟೀನಿನ ಅಂಶ ಕಡಿಮೆ, ಬೇಳೆಯಲ್ಲಿ ಅದು ಜಾಸ್ತಿ. ರೊಟ್ಟಿ ಮತ್ತು ಬೇಳೆ ಜೊತೆಗೆ ಉಂಡರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಮೇಲೆ ಶೇಂಗಾ ಹಿಂಡಿ, ಒಂದು ಲೋಟ ಹಾಲು ಅಥವಾ ಮೊಸರು, ಪುಂಡಿ ಪಲ್ಯ. ಬೇಳೆ ಮಾತ್ರ ಸಾರಿನ ನೀರಿನಲ್ಲಿ ಹುಡುಕುವ ಹಾಗಿರಬಾರದು, ಗಟ್ಟಿಯಾಗಿರಲಿ. ಮತ್ತೆ ನೀವು ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದನ್ನು ಉಣ್ಣಬೇಡಿ. ಎಲ್ಲರ ಜೊತೆಗೇ ಕೂತು ಉಣ್ಣಿ.